ಕೂದಲು ಮರಳಿ ಬೆಳೆಸುವ ‘ಸ್ಟೆಮ್ ಸೆಲ್’ ಚಿಕಿತ್ಸೆ: ಸಿರಿಂಜಿನೊಳಗೆ ನಿಜಕ್ಕೂ ಏನಿದೆ?

ಗಾಂವಕರ್_ಅಂಕೋಲಾ

ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಒಂದೇ ತರದ ಜಾಹೀರಾತು ಮೊಬೈಲಿಗೆ ಬರ್ತಾ ಇದೆ. ಗೋವಾ, ಹುಬ್ಬಳ್ಳಿ, ಮಂಗಳೂರಿನ ಕ್ಲಿನಿಕ್‌ಗಳದ್ದು. ‘ಸ್ಟೆಮ್ ಸೆಲ್‌ನಿಂದ ಕೂದಲು ಮರಳಿ ಬರುತ್ತದೆ’ ಅಂತ ಮೇಲೆ ದೊಡ್ಡ ಅಕ್ಷರ. ಕೆಳಗೆ ಓದಿದರೆ ಪಿಆರ್‌ಪಿ, ಜಿಎಫ್‌ಸಿ, ಎಕ್ಸೋಸೋಮ್, ಮೈಕ್ರೋಗ್ರಾಫ್ಟ್, ಕೊಬ್ಬಿನ ಕೋಶ ಅಂತ ಬೇರೆ ಬೇರೆ ಹೆಸರು. ನನ್ನ ಔಷಧಿ ಅಂಗಡಿಗೆ ಬರುವವರು ಇವೆಲ್ಲ ಒಂದೇ ಅಂದುಕೊಂಡೇ ಕೇಳ್ತಾರೆ. ತಲೆಗೆ ಹಚ್ಚುತ್ತಿದ್ದ ಕೂದಲ ಔಷಧ ಮಿನಾಕ್ಸಿಡಿಲ್ ನಿಲ್ಲಿಸಿ ಇದಕ್ಕೆ ದುಡ್ಡು ಹಾಕಲು ಹೊರಟವರೂ ಇದ್ದಾರೆ.

ಈ ಗುಂಪಿನಲ್ಲಿ ಚರ್ಮದ ಡಾಕ್ಟರು, ಲ್ಯಾಬಿನವರು, ಕೋಶ ಬೆಳೆಸುವ ಕೆಲಸದವರು ಎಲ್ಲ ಇದ್ದೀರಿ. ಯಾವುದರಲ್ಲಿ ಜೀವಂತ ಕೋಶ ಇದೆ, ಯಾವುದರಲ್ಲಿ ಇಲ್ಲ, ಇದ್ದರೆ ಎಂತಹ ಕೋಶ, ಕೆಲಸ ಎಲ್ಲಿ ಕೆಡುತ್ತದೆ ಅನ್ನುವುದನ್ನು ಬಿಡಿಸಿ ಬರೆಯಿರಿ. ತಿಳಿದವರಿಗೆ ಗೊತ್ತಿರುವುದು ಕೌಂಟರಿನ ಆಚೆ ನಿಂತವರಿಗೂ ಮುಟ್ಟಲಿ.

ಡಾ_ಶಾನಭಾಗ_ಕುಮಟಾ

ಗಾಂವಕರ್ ಅವರೆ, ಮೊದಲು ನೀವು ಹೇಳಿದ ಐದನ್ನೂ ಬೇರೆ ಮಾಡೋಣ.

ಪಿಆರ್‌ಪಿ ಅಂದರೆ ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಹೆಚ್ಚಿರುವ ಪ್ಲಾಸ್ಮಾ, ಅಂದರೆ ರಕ್ತದ ಹಳದಿ ದ್ರವ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಅದು ವಿಭಜನೆ ಆಗುವುದಿಲ್ಲ, ಅದರಿಂದ ಕೂದಲ ಬುಡ ಹುಟ್ಟುವ ಮಾತೇ ಇಲ್ಲ. ಅದು ಬಿಡುವ ಬೆಳವಣಿಗೆಯ ಅಂಶಗಳು ಇರುವ ಬುಡವನ್ನು ಬೆಳವಣಿಗೆಯ ಹಂತಕ್ಕೆ ತಳ್ಳುತ್ತವೆ, ಅಷ್ಟೇ. ಜಿಎಫ್‌ಸಿಯಲ್ಲಿ ಆ ಪ್ಲೇಟ್‌ಲೆಟ್ಟೂ ಇರುವುದಿಲ್ಲ. ಟ್ಯೂಬಿನೊಳಗೇ ಅವುಗಳನ್ನು ಒಡೆದು, ಹೊರಬಂದ ಅಂಶಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಎಕ್ಸೋಸೋಮ್ ಕೂಡ ಕೋಶ ಅಲ್ಲ, ಕೋಶಗಳು ಹೊರಹಾಕುವ 30ರಿಂದ 150 ನ್ಯಾನೋಮೀಟರ್ ಗಾತ್ರದ ಪುಟ್ಟ ಚೀಲಗಳು. ಮೈಕ್ರೋಗ್ರಾಫ್ಟ್‌ನಲ್ಲಿ ಜೀವಂತ ಕೋಶ ಇರುತ್ತದೆ, ಆದರೆ ಚರ್ಮದ ಎಲ್ಲ ತರದ್ದೂ ಕಲಸಿಕೊಂಡು. ಕೊಬ್ಬಿನದ್ದು ಎಸ್‌ವಿಎಫ್, ಕೊಬ್ಬಿನಿಂದ ಬಿಡಿಸಿದ ಕೋಶಗಳ ಮಿಶ್ರಣ, ಅದರಲ್ಲೂ ಜೀವಂತ ಕೋಶ ಇದೆ, ಕೂದಲ ಬುಡದ್ದಲ್ಲ.

ಕೂದಲ ಬುಡದಿಂದಲೇ ಕೋಶ ತೆಗೆದು, ಲ್ಯಾಬಿನಲ್ಲಿ ಹೆಚ್ಚಿಸಿ, ಎಣಿಸಿ, ಮತ್ತೆ ತಲೆಗೆ ಹಾಕುವುದು ಆರನೆಯದು. ನಿಜವಾದ ಕೋಶ ಚಿಕಿತ್ಸೆ ಅದು. ಭಾರತದಲ್ಲಿ ಕೂದಲಿಗೆ ಅದು ಕ್ಲಿನಿಕಲ್ ಟ್ರಯಲ್‌ನ (ರೋಗಿಗಳ ಮೇಲಿನ ಪ್ರಯೋಗದ) ಹೊರಗೆ ಕಾನೂನುಬದ್ಧವಾಗಿ ಎಲ್ಲೂ ಸಿಗುವುದಿಲ್ಲ.

ಬೋಳಾಗುವುದು ಹೇಗೆ ಅಂತ ತಿಳಿದರೆ ಉಳಿದದ್ದು ಅರ್ಥವಾಗುತ್ತದೆ. ಪ್ರತಿ ಕೂದಲ ಬುಡದ ತಳದಲ್ಲಿ ಡರ್ಮಲ್ ಪ್ಯಾಪಿಲ್ಲಾ ಅನ್ನುವ ಕೋಶಗಳ ಗುಂಪು ಇದೆ. ಕೂದಲು ಎಷ್ಟು ದಪ್ಪ, ಎಷ್ಟು ಕಾಲ ಬೆಳೆಯಬೇಕು ಅನ್ನುವ ಸೂಚನೆ ಅಲ್ಲಿಂದ ಹೋಗುತ್ತದೆ. ಸ್ವಲ್ಪ ಮೇಲೆ ಬಲ್ಜ್ ಅನ್ನುವ ಭಾಗದಲ್ಲಿ ಕಾಂಡಕೋಶಗಳಿವೆ, ಜಾಹೀರಾತಿನ ‘ಸ್ಟೆಮ್ ಸೆಲ್’ ಅಂದರೆ ಇವೇ, ಬೇರೆ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ. ಗಂಡಸರ ಮಾಮೂಲಿ ಬೋಳುತನದಲ್ಲಿ ಡಿಎಚ್‌ಟಿ ಹಾರ್ಮೋನು ಪ್ಯಾಪಿಲ್ಲಾವನ್ನು ಕುಗ್ಗಿಸುತ್ತಾ ಹೋಗುತ್ತದೆ. 2ರಿಂದ 6 ವರ್ಷ ಇರಬೇಕಾದ ಬೆಳವಣಿಗೆಯ ಹಂತ ಕೆಲವೇ ತಿಂಗಳಿಗೆ ಇಳಿಯುತ್ತದೆ, ಕೂದಲು ಸಣ್ಣ ರೋಮವಾಗುತ್ತದೆ. 2011ರಲ್ಲಿ ಪ್ರಕಟವಾದ ಗಾರ್ಜಾ ಮತ್ತು ಸಂಗಡಿಗರ ಅಧ್ಯಯನ ತೋರಿಸಿದ್ದು ಇದು: ಬೋಳು ಭಾಗದಲ್ಲೂ ಕಾಂಡಕೋಶಗಳು ಉಳಿದಿರುತ್ತವೆ, ಅವುಗಳಿಂದ ಮುಂದಿನ ಹಂತಕ್ಕೆ ಬರಬೇಕಾದ ಕೋಶಗಳು ಮಾತ್ರ ತೀರಾ ಕಡಿಮೆ. ಹಾಗಾಗಿ ‘ಕಾಂಡಕೋಶ ಸತ್ತಿದೆ, ತುಂಬಿಸುತ್ತೇವೆ’ ಅನ್ನುವ ವಿವರಣೆ ಈ ಬಗೆಯ ಬೋಳುತನಕ್ಕೆ ಹೊಂದುವುದಿಲ್ಲ.

ಗಾಯದ ಕಲೆ ಬಿಡುವ ಬೋಳುತನ ಬೇರೆ. ಲೈಕೆನ್ ಪ್ಲಾನೋಪೈಲಾರಿಸ್‌ನಂಥ ರೋಗದಲ್ಲಿ ಬಲ್ಜ್ ಭಾಗವೇ ನಾಶವಾಗುತ್ತದೆ. ತಲೆಯ ಚರ್ಮ ನುಣ್ಣಗೆ ಹೊಳೆಯುತ್ತಾ, ಕೂದಲ ರಂಧ್ರವೇ ಕಾಣದಿದ್ದರೆ 4 ಮಿ.ಮೀ. ಪಂಚ್ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಆಗದೆ ಯಾವ ಇಂಜೆಕ್ಷನ್ನಿಗೂ ಕೂರಬಾರದು. ಉರಿಯೂತ ಜೋರಾಗಿರುವಾಗ ಸೂಜಿ ಚುಚ್ಚಿದರೆ ರೋಗ ಕೆರಳಬಹುದು.

ನಾಯ್ಕ_ಕೋಡಿಬಾಗ

ಲ್ಯಾಬಿನ ಕಡೆಯಿಂದ ಪಿಆರ್‌ಪಿ ಬಗ್ಗೆ ಬರೀತೇನೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನ ಮಾಡಿಸಿಕೊಳ್ಳುವುದು ಅದನ್ನೇ, ಮತ್ತು ಕೆಡುವುದಕ್ಕೆ ಜಾಗ ಹೆಚ್ಚಿರುವುದೂ ಅದರಲ್ಲೇ.

ರಕ್ತವನ್ನು ಎಸಿಡಿ-ಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇರುವ ಟ್ಯೂಬಿಗೆ ತೆಗೆಯಬೇಕು. 8.5 ಮಿ.ಲೀ. ರಕ್ತಕ್ಕೆ 1.5 ಮಿ.ಲೀ. ಎಸಿಡಿ ರೂಢಿಯ ಪ್ರಮಾಣ. ಸಿಬಿಸಿಗೆ (ರಕ್ತಕೋಶಗಳ ಎಣಿಕೆಗೆ) ಬಳಸುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಪ್ಲೇಟ್‌ಲೆಟ್ ಊದಿಕೊಂಡು ಆಕಾರ ಕೆಡುತ್ತದೆ. ಎಣಿಕೆಗೆ ಅದು ಸಾಕು, ತಲೆಗೆ ಚುಚ್ಚಲು ಅಲ್ಲ. ತೆಳು ಸೂಜಿಯಲ್ಲಿ ಜೋರಾಗಿ ಎಳೆದರೆ ಪ್ಲೇಟ್‌ಲೆಟ್ ಅಲ್ಲೇ ಉತ್ತೇಜಿತವಾಗಿ ಮುದ್ದೆ ಕಟ್ಟುತ್ತದೆ. 21 ಗೇಜಿನ ಸೂಜಿ, ಒಂದೇ ಚುಚ್ಚು, ನಿಧಾನಕ್ಕೆ ಎಳೆಯುವುದು.

ನಂತರ ಟ್ಯೂಬನ್ನು ಸೆಂಟ್ರಿಫ್ಯೂಜ್ ಅನ್ನುವ ತಿರುಗಿಸುವ ಮಶಿನ್ನಿನಲ್ಲಿ ಎರಡು ಸುತ್ತು ಓಡಿಸುವುದು. ಮೊದಲನೆಯದು ಮೆದುವಾಗಿ, 100ರಿಂದ 300 ಜಿ ಬಲದಲ್ಲಿ (ಜಿ ಅಂದರೆ ಭೂಮಿಯ ಸೆಳೆತದ ಎಷ್ಟು ಪಟ್ಟು) 5ರಿಂದ 10 ನಿಮಿಷ. ಕೆಂಪು ಕೋಶ ತಳಕ್ಕೆ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಬಿಳಿಯ ತೆಳು ಪದರ. ಮೇಲಿನದನ್ನೂ ಆ ಬಿಳಿ ಪದರದ ಮೇಲ್ಭಾಗವನ್ನೂ ಇನ್ನೊಂದು ಶುದ್ಧ ಟ್ಯೂಬಿಗೆ ತೆಗೆಯುವುದು. ಎರಡನೆಯದು 400ರಿಂದ 700 ಜಿ, 10ರಿಂದ 17 ನಿಮಿಷ. ಈಗ ಪ್ಲೇಟ್‌ಲೆಟ್ ತಳಕ್ಕೆ ಇಳಿದಿರುತ್ತದೆ. ಮೇಲಿನ ಮೂರನೇ ಎರಡು ಭಾಗ ಪ್ಲಾಸ್ಮಾ ತೆಗೆದುಹಾಕಿ, ಉಳಿದದ್ದರಲ್ಲಿ ತಳಕ್ಕೆ ಕೂತ ಪ್ಲೇಟ್‌ಲೆಟ್ ಮುದ್ದೆಯನ್ನು ಮೆಲ್ಲಗೆ ಅಲ್ಲಾಡಿಸಿ ಕರಗಿಸಬೇಕು. ಕುಲುಕಬಾರದು.

ಜನ ತಪ್ಪುವುದು ಇಲ್ಲಿ: ‘1500 ಆರ್‌ಪಿಎಂ ಹಾಕಿ’ ಅಂತ ಒಬ್ಬರಿಂದ ಒಬ್ಬರಿಗೆ ಹೇಳ್ತಾ ಬರ್ತಾರೆ. ಆರ್‌ಪಿಎಂ ಬರೇ ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಅನ್ನುವ ಲೆಕ್ಕ, ಬಲ ರೋಟರಿನ (ಟ್ಯೂಬು ಹಿಡಿದು ತಿರುಗುವ ಭಾಗದ) ತ್ರಿಜ್ಯದ ಮೇಲೂ ನಿಂತಿದೆ. ಸೂತ್ರ: ಬಲ = 1.118 × 10⁻⁵ × ತ್ರಿಜ್ಯ (ಸೆಂ.ಮೀ.) × ಆರ್‌ಪಿಎಂನ ವರ್ಗ. 8 ಸೆಂ.ಮೀ. ತ್ರಿಜ್ಯದ ಸಣ್ಣ ಮಶಿನ್ನಿನಲ್ಲಿ 1500ಕ್ಕೆ ಸುಮಾರು 200 ಜಿ ಬರುತ್ತದೆ, ಮೊದಲ ಸುತ್ತಿಗೆ ಸರಿ. 15 ಸೆಂ.ಮೀ. ತ್ರಿಜ್ಯದ್ದರಲ್ಲಿ ಅದೇ 1500ಕ್ಕೆ 377 ಜಿ. ಆಗ ಪ್ಲೇಟ್‌ಲೆಟ್ ಮೊದಲ ಸುತ್ತಿನಲ್ಲೇ ಕೆಂಪಿನ ಜೊತೆ ಕೆಳಗೆ ಹೋಗಿಬಿಡುತ್ತದೆ. ಮೇಲೆ ಉಳಿದ ಹಳದಿ ನೀರನ್ನೇ ತಲೆಗೆ ಚುಚ್ಚಿದಂತಾಯ್ತು.

ಇನ್ನು ಪ್ರಮಾಣ. ರಕ್ತದಲ್ಲಿ ಪ್ರತಿ ಮೈಕ್ರೋಲೀಟರಿಗೆ 2.5 ಲಕ್ಷ ಪ್ಲೇಟ್‌ಲೆಟ್ ಇದೆ ಅಂತಿಟ್ಟುಕೊಳ್ಳಿ. 20 ಮಿ.ಲೀ. ರಕ್ತದಲ್ಲಿ ಒಟ್ಟು 500 ಕೋಟಿ. ಅದರಲ್ಲಿ ನೂರಕ್ಕೆ 60 ಪಾಲು ಕೈಗೆ ಸಿಕ್ಕಿದರೆ 300 ಕೋಟಿ. ಇದನ್ನು 3 ಮಿ.ಲೀ.ಗೆ ಇಳಿಸಿದರೆ ಮೈಕ್ರೋಲೀಟರಿಗೆ 10 ಲಕ್ಷ, ಗುರಿ ಇರುವುದೇ ಅದು. ಈಗ 10 ಮಿ.ಲೀ. ರಕ್ತ ತೆಗೆದು 5 ಮಿ.ಲೀ. ಪಿಆರ್‌ಪಿ ಕೊಡುತ್ತೇವೆ ಅನ್ನುವವರ ಲೆಕ್ಕ ನೋಡಿ: 150 ಕೋಟಿಯನ್ನು 5 ಮಿ.ಲೀ.ಗೆ ಹಂಚಿದರೆ ಮೈಕ್ರೋಲೀಟರಿಗೆ 3 ಲಕ್ಷ. ಮೈಯಲ್ಲಿ ಹರಿಯುವ ರಕ್ತಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ! ತಯಾರಾದ ಪಿಆರ್‌ಪಿಯಿಂದ ಒಂದು ಹನಿ ತೆಗೆದು ಕೋಶ ಎಣಿಸುವ ಮಶಿನ್ನಿನಲ್ಲಿ ಎಣಿಸಿ ತೋರಿಸಿ ಅಂತ ಕೇಳುವುದು ರೋಗಿಯ ಹಕ್ಕು. ಎರಡು ನಿಮಿಷದ ಕೆಲಸ.

ಹೆಗಡೆ_ನೀಲೇಕಣಿ

ನಾಯ್ಕರೆ, ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಗೊತ್ತೇ ಇದ್ದದ್ದು. ಸುತ್ತು ನಡೆಯುವಾಗ ಮಶಿನ್ ನಿಂತರೆ ಮತ್ತೆ ಅಷ್ಟೇ ನಿಮಿಷ ಓಡಿಸಿದರೆ ಆಗ್ತದಾ? ಮತ್ತೆ, ಪಿಆರ್‌ಪಿ ತಯಾರಿಸಿ ಐಸಿನಲ್ಲಿ ಇಟ್ಟು ಕಳಿಸುತ್ತಾರೆ ಅಂತ ಕೇಳಿದ್ದೇನೆ.

ನಾಯ್ಕ_ಕೋಡಿಬಾಗ

ಮೊದಲ ಸುತ್ತು ಅರ್ಧಕ್ಕೆ ನಿಂತರೆ ಟ್ಯೂಬನ್ನು ಮೆಲ್ಲಗೆ ನಾಲ್ಕೈದು ಸಲ ತಿರುವಿ ಪದರಗಳನ್ನು ಮತ್ತೆ ಬೆರೆಸಿ, ಮೊದಲಿಂದ ಓಡಿಸಬೇಕು. ಉಳಿದ ನಿಮಿಷ ಮಾತ್ರ ಓಡಿಸಿದರೆ ಪದರ ಸರಿಯಾಗಿ ಕೂರುವುದಿಲ್ಲ. ಎರಡನೇ ಸುತ್ತಿನಲ್ಲಿ ನಿಂತರೆ ಅಷ್ಟು ನಷ್ಟ ಇಲ್ಲ. ಯುಪಿಎಸ್‌ಗೆ ಜೋಡಿಸಿದ ಮಶಿನ್ ಇದ್ದರೆ ಈ ತಲೆಬಿಸಿಯೇ ಇಲ್ಲ. ಇನ್ನೊಂದು, ಎದುರು ಬದಿಯಲ್ಲಿ ಅಷ್ಟೇ ತೂಕದ ಟ್ಯೂಬು ಇರಲೇಬೇಕು. ಒಂದೇ ಟ್ಯೂಬು ಇದ್ದರೆ ನೀರು ತುಂಬಿದ ಟ್ಯೂಬು. ಮಶಿನ್ ನಡುಗಿದರೆ ಪದರ ಕದಡುತ್ತದೆ.

ಐಸು ಬೇಡವೇ ಬೇಡ. ತಣ್ಣಗಾದರೆ ಪ್ಲೇಟ್‌ಲೆಟ್ ತಾನೇ ಉತ್ತೇಜಿತವಾಗುತ್ತದೆ. 20ರಿಂದ 24 ಡಿಗ್ರಿ ಕೋಣೆಯಲ್ಲಿ ತಯಾರಿಸಿ, ಅಲ್ಲೇ, ಆಗಲೇ ಚುಚ್ಚುವುದು. ಮೇ ತಿಂಗಳಲ್ಲಿ ಕಾರವಾರದ ಎಸಿ ಇಲ್ಲದ ಕೋಣೆಯೂ ಇದಕ್ಕೆ ಆಗುವುದಿಲ್ಲ. ಬೇರೆ ಊರಿನಲ್ಲಿ ತಯಾರಾಗಿ ಬಸ್ಸಿನಲ್ಲಿ ಬಂದ ಪಿಆರ್‌ಪಿ ಅಂದರೆ ಬೇಡ ಅನ್ನಿ.

ಡಾ_ಶಾನಭಾಗ_ಕುಮಟಾ

ಹೆಗಡೆಯವರ ಕಡೆಯವರಿಗೆ ಮುಖ್ಯವಾದ ಮಾತೊಂದಿದೆ. ಡೆಂಗಿ, ಇಲಿ ಜ್ವರ, ಸಿದ್ದಾಪುರ ಹೊನ್ನಾವರ ಕಾಡಂಚಿನಲ್ಲಿ ಮಂಗನ ಕಾಯಿಲೆ, ಇವು ಬಂದು ಹೋದವರಿಗೆ ಎರಡು ಮೂರು ತಿಂಗಳ ನಂತರ ಕೂದಲು ಮುಷ್ಟಿ ಮುಷ್ಟಿ ಉದುರುತ್ತದೆ. ಜ್ವರದ ಹೊಡೆತಕ್ಕೆ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗಿರುತ್ತದೆ, ಆ ಹಂತ ಸುಮಾರು ಮೂರು ತಿಂಗಳು. ಬುಡಕ್ಕೆ ಏನೂ ಆಗಿರುವುದಿಲ್ಲ. ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಬಾಣಂತಿಯರದ್ದೂ ಇದೇ ಲೆಕ್ಕ. ಇವರಿಗೆ ಪಿಆರ್‌ಪಿ ಪ್ಯಾಕೇಜು ಹಾಕಿ, ತಾನಾಗಿ ಬಂದ ಕೂದಲನ್ನು ಚಿಕಿತ್ಸೆಯ ಫಲ ಅಂತ ತೋರಿಸುವುದು ನನಗೆ ತೀರಾ ಬೇಸರ ತರಿಸುವ ಸಂಗತಿ.

ಪರೀಕ್ಷೆ ಸುಲಭ. 50ರಿಂದ 60 ಕೂದಲಿನ ಗೊಂಚಲು ಹಿಡಿದು ಬುಡದಿಂದ ತುದಿಗೆ ಹದವಾಗಿ ಎಳೆಯಿರಿ. ಆರಕ್ಕಿಂತ ಹೆಚ್ಚು ಬಂದರೆ, ಅದೂ ತಲೆಯ ಎಲ್ಲ ಭಾಗದಲ್ಲಿ ಬಂದರೆ, ಇದೇ ಇರಬೇಕು. ನೆತ್ತಿಯಲ್ಲಿ ಮಾತ್ರ ತೆಳುವಾಗಿ, ಹಿಂಭಾಗ ದಟ್ಟವಾಗಿದ್ದರೆ ಅದು ಹಾರ್ಮೋನಿನದ್ದು. ಹೆಂಗಸರಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ನೋಡಿಯೇ ಮುಂದಿನ ಮಾತು.

ಮತ್ತೆ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿದ್ದವರಿಗೆ ಪಿಆರ್‌ಪಿ ಮಾಡುವುದೇ ಇಲ್ಲ. ಜ್ವರ ಬಿಟ್ಟ ಮೇಲೆ ಕೌಂಟು ಮೇಲೆ ಬಂದದ್ದನ್ನು ಖಾತ್ರಿ ಮಾಡಿಕೊಳ್ಳಿ.

ಗಾಂವಕರ್_ಅಂಕೋಲಾ

ಮೇಡಂ, ಹಾಗಾದರೆ ಪಿಆರ್‌ಪಿ ಯಾರಿಗೂ ಬೇಡ ಅಂತಲೋ?

ಡಾ_ಶಾನಭಾಗ_ಕುಮಟಾ

ಹಾಗಲ್ಲ. ಶುರುವಿನ ಹಂತದ ಹಾರ್ಮೋನಿನ ಬೋಳುತನದಲ್ಲಿ, ರೋಮ ಇನ್ನೂ ಇರುವಲ್ಲಿ, ಅದು ಮಿನಾಕ್ಸಿಡಿಲ್, ಫಿನಾಸ್ಟರೈಡ್ (ಡಿಎಚ್‌ಟಿ ತಗ್ಗಿಸುವ ಮಾತ್ರೆ) ಜೊತೆಗೆ ಸೇರಿಸಬಹುದಾದ ಚಿಕಿತ್ಸೆ. ತಿಂಗಳಿಗೊಂದರಂತೆ ಮೂರರಿಂದ ಐದು ಸಲ, ಆಮೇಲೆ ವರ್ಷಕ್ಕೆ ಒಂದೋ ಎರಡೋ. ನಿಲ್ಲಿಸಿದರೆ ಗಳಿಸಿದ್ದು ಕರಗುತ್ತದೆ. 5% ಮಿನಾಕ್ಸಿಡಿಲ್ 1 ಮಿ.ಲೀ. ದಿನಕ್ಕೆ ಎರಡು ಸಲ, ಗಂಡಸರಿಗೆ ಫಿನಾಸ್ಟರೈಡ್ 1 ಮಿ.ಗ್ರಾಂ., ಇವೇ ಅಡಿಪಾಯ. ಅಡಿಪಾಯ ತೆಗೆದು ಮೇಲಿನದನ್ನು ಇಟ್ಟುಕೊಳ್ಳುವುದು ಬೇಡ. ಗರ್ಭಿಣಿಯರು, ಆಗುವ ಸಾಧ್ಯತೆ ಇರುವವರು ಫಿನಾಸ್ಟರೈಡ್ ಸೇವಿಸಲೇಬಾರದು.

ಭಟ್_ಹೊನ್ನಾವರ

ನಿಜವಾದ ಕೋಶ ಚಿಕಿತ್ಸೆಯ ಬಗ್ಗೆ ನಾನು ಬರೆಯುತ್ತೇನೆ. ಇದರಲ್ಲಿ ಆಸೆ ಪಡುವುದಕ್ಕೆ ನಿಜವಾದ ಕಾರಣ ಇದೆ. ಬೀದಿ ಜಾಹೀರಾತಿನ ಜೊತೆ ಇದನ್ನೂ ತಳ್ಳಿಹಾಕಬಾರದು.

1984ರಲ್ಲಿ ಜಹೋಡಾ ಮತ್ತು ಸಂಗಡಿಗರು ಇಲಿಯ ಮೀಸೆಯ ಡರ್ಮಲ್ ಪ್ಯಾಪಿಲ್ಲಾ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಮರಳಿ ಹಾಕಿದಾಗ ಕೂದಲು ಬೆಳೆಯಿತು. 1999ರಲ್ಲಿ ಒಬ್ಬ ಗಂಡಸಿನ ತಲೆಯ ಕೂದಲ ಬುಡದ ಹೊರಪೊರೆಯನ್ನು ಒಬ್ಬ ಹೆಂಗಸಿನ ತೋಳಿಗೆ ಕಸಿ ಮಾಡಿದಾಗ ಹೊಸ ಕೂದಲು ಹುಟ್ಟಿತು, ದೇಹ ಅದನ್ನು ತಿರಸ್ಕರಿಸಲಿಲ್ಲ. ಅಂದರೆ ತತ್ತ್ವ ಸರಿ ಇದೆ.

ಮನುಷ್ಯರ ಕೋಶದಲ್ಲಿ ತೊಡಕು ಬೆಳೆಸುವಾಗ ಬರುತ್ತದೆ. ಈಗಿನ ಕೂದಲು ನಾಟಿ ಅಗೆ ಕಿತ್ತು ಇನ್ನೊಂದು ಗದ್ದೆಗೆ ನೆಟ್ಟಂತೆ. ಹಿಂತಲೆಯಲ್ಲಿ ಇದ್ದಷ್ಟೇ ಸಿಗುತ್ತದೆ, ಒಂದೂ ಹೆಚ್ಚಾಗುವುದಿಲ್ಲ. ಕೋಶ ಚಿಕಿತ್ಸೆಯ ಆಸೆ ಇರುವುದು ಕೆಲವೇ ಬುಡದಿಂದ ಸಾವಿರಾರು ಬುಡ ಮಾಡುವುದರಲ್ಲಿ. ಆದರೆ ಪ್ಯಾಪಿಲ್ಲಾ ಕೋಶವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಚಪ್ಪಟೆಯಾಗಿ ಬೆಳೆಸಿದರೆ ಸಂಖ್ಯೆ ಹೆಚ್ಚುತ್ತದೆ, ಕೂದಲು ಹುಟ್ಟಿಸುವ ಗುಣ ಕೆಲವೇ ಪೀಳಿಗೆಯಲ್ಲಿ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೆಂದದ ಆರೋಗ್ಯವಂತ ಕೋಶವೇ, ಆದರೆ ಸಾಮಾನ್ಯ ಫೈಬ್ರೋಬ್ಲಾಸ್ಟ್ (ಚರ್ಮದ ನಾರು ಕಟ್ಟುವ ಕೋಶ) ಆಗಿಬಿಟ್ಟಿರುತ್ತದೆ. ಪ್ಯಾಪಿಲ್ಲಾ ಕೋಶದಲ್ಲಿ ಹೆಚ್ಚಿರುವ ಆಲ್ಕಲೈನ್ ಫಾಸ್ಫಟೇಸ್ ಎಂಜೈಮನ್ನು ತೋರಿಸುವ ಬಣ್ಣ ಹಾಕಿ ನೋಡಿದಾಗ ಬಣ್ಣ ಮಾಸಿರುವುದು ಅದರ ಒಂದು ಗುರುತು.

2013ರಲ್ಲಿ ಹಿಗ್ಗಿನ್ಸ್, ಕ್ರಿಸ್ಟಿಯಾನೋ, ಜಹೋಡಾ ತಂಡ ಇದಕ್ಕೊಂದು ದಾರಿ ತೋರಿಸಿತು. ತಟ್ಟೆಯ ಮುಚ್ಚಳದಿಂದ 10 ಮೈಕ್ರೋಲೀಟರಿನ ಹನಿಗಳನ್ನು ತಲೆಕೆಳಗಾಗಿ ತೂಗುಬಿಟ್ಟು, ಒಂದೊಂದು ಹನಿಯಲ್ಲಿ 3,000 ಕೋಶ ಇಟ್ಟರು. ನೆಲ ಸಿಗದ ಕೋಶಗಳು ಹನಿಯ ತಳದಲ್ಲಿ ಒಂದಕ್ಕೊಂದು ಅಂಟಿಕೊಂಡು ಸಣ್ಣ ಉಂಡೆ ಆಗುತ್ತವೆ. ಆ ಉಂಡೆಗಳನ್ನು ಮನುಷ್ಯರ ಚರ್ಮದೊಳಗೆ ಇಟ್ಟು, ಆ ಚರ್ಮವನ್ನು ಇಲಿಯ ಬೆನ್ನಿಗೆ ಕಸಿ ಮಾಡಿದರು. ಏಳು ದಾನಿಗಳಲ್ಲಿ ಐವರ ಕೋಶದಿಂದ ಹೊಸ ಬುಡ ಹುಟ್ಟಿತು. ಕಳೆದುಹೋದ ಜೀನ್ ಚಟುವಟಿಕೆ ಪೂರ್ತಿ ಮರಳಲಿಲ್ಲ, ಒಂದು ಪಾಲು ಮಾತ್ರ ಮರಳಿತು.

ರೋಗಿಗಳ ಮೇಲಿನ ಪ್ರಯೋಗದಲ್ಲಿ ಇಂಟರ್‌ಸೈಟೆಕ್ಸ್, ಅಡೆರಾನ್ಸ್ ಎಂಬ ಎರಡು ಕಂಪನಿಗಳು ಎರಡನೇ ಹಂತದವರೆಗೆ ಹೋಗಿ ಕೈಬಿಟ್ಟವು. ಜಪಾನಿನ ತ್ಸುಬೋಯಿ ತಂಡದ್ದು 2020ರಲ್ಲಿ ಪ್ರಕಟವಾಯಿತು. ಗಂಭೀರವಾಗಿ ಓದಬೇಕಾದದ್ದು ಅದು. 65 ಜನ, ಹೆಂಗಸರೂ ಸೇರಿ. ಅವರವರದೇ ಹಿಂತಲೆಯಿಂದ ಬುಡ ತೆಗೆದು, ಅದರ ತಳದ ಬಟ್ಟಲಿನಂಥ ಪೊರೆಯ ಕೋಶಗಳನ್ನು ಬೆಳೆಸಿದರು. ಒಬ್ಬೊಬ್ಬರ ತಲೆಯಲ್ಲೂ ನಾಲ್ಕು ಜಾಗ ಗುರುತಿಸಿ 75 ಲಕ್ಷ, 15 ಲಕ್ಷ, 3 ಲಕ್ಷ ಕೋಶ, ನಾಲ್ಕನೆಯದಕ್ಕೆ ಕೋಶವಿಲ್ಲದ ದ್ರವ. ಯಾವುದು ಎಲ್ಲಿಗೆ ಅಂತ ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. 6 ಮತ್ತು 9 ತಿಂಗಳಲ್ಲಿ ಕೋಶವಿಲ್ಲದ ಜಾಗಕ್ಕಿಂತ ಗಣನೀಯವಾಗಿ ದಟ್ಟವಾದದ್ದು 3 ಲಕ್ಷದ ಜಾಗ. ಹೆಚ್ಚಳ ಸಣ್ಣದು. ಬೋಳು ತಲೆ ತುಂಬಿತು ಅನ್ನುವ ಮಟ್ಟದ್ದಲ್ಲ.

ಹೆಗಡೆ_ನೀಲೇಕಣಿ

ಭಟ್ರೆ, ಇದು ವಿಚಿತ್ರ ಅಲ್ವಾ? ಕಡಿಮೆ ಹಾಕಿದಲ್ಲಿ ಹೆಚ್ಚು ಫಲ ಬಂತು ಅಂದರೆ ಎಂತಕ್ಕೆ?

ಭಟ್_ಹೊನ್ನಾವರ

ಹೆಗಡೆಯವರೆ, ಒಂದೇ ಚುಕ್ಕೆಯಲ್ಲಿ ಕೋಶ ತುಂಬಿದಷ್ಟೂ ಒಳಗಿನವಕ್ಕೆ ಆಮ್ಲಜನಕ ಮುಟ್ಟುವುದಿಲ್ಲ ಅನ್ನುವುದು ನನಗೆ ಒಪ್ಪಿಗೆಯಾಗುವ ವಿವರಣೆ. ಚುಚ್ಚಿದ ಮೊದಲ ದಿನಗಳಲ್ಲಿ ರಕ್ತನಾಳ ಇಲ್ಲ, ಸುತ್ತಲಿನಿಂದ ಇಂಗಿ ಬಂದದ್ದೇ ಆಹಾರ. ಸತ್ತ ಕೋಶ ಉರಿಯೂತ ತರುತ್ತದೆ, ಉಳಿದವನ್ನೂ ಕೆಡಿಸುತ್ತದೆ. ‘ನಮ್ಮಲ್ಲಿ ಕೋಟಿಗಟ್ಟಲೆ ಸ್ಟೆಮ್ ಸೆಲ್ ಹಾಕ್ತೇವೆ’ ಅನ್ನುವ ಮಾತಿಗೆ ಮರುಳಾಗಬಾರದು ಅನ್ನಲು ಈ ಪ್ರಯೋಗ ಒಳ್ಳೆಯ ಆಧಾರ.

ಹೊಸದಾಗಿ ಬುಡವನ್ನೇ ಕಟ್ಟುವ ಕೆಲಸ ಬೇರೆ ದಾರಿಯಲ್ಲಿ ನಡೆದಿದೆ. 2020ರಲ್ಲಿ ಕೋಹ್ಲರ್ ತಂಡ ಮನುಷ್ಯರ ಪ್ಲೂರಿಪೋಟೆಂಟ್ (ಮೈಯ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ) ಕಾಂಡಕೋಶದಿಂದ ಕೂದಲ ಬುಡ ಇರುವ ಚರ್ಮದ ತುಣುಕನ್ನು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೆಳೆಸಿ, ಇಲಿಗೆ ಕಸಿ ಮಾಡಿತು. 2022ರಲ್ಲಿ ಯೊಕೊಹಾಮಾದ ತಂಡ ಇಲಿಯ ಕೋಶದಿಂದ ತಟ್ಟೆಯಲ್ಲೇ ಸುಮಾರು 3 ಮಿ.ಮೀ. ಉದ್ದದ ಕೂದಲು ಬೆಳೆಸಿತು. ತಲೆಗೆ ಬರುವ ಮೊದಲು ಬಿಡಿಸಬೇಕಾದ ಗಂಟುಗಳು ಇನ್ನೂ ಇವೆ: ಕೂದಲು ಯಾವ ದಿಕ್ಕಿಗೆ ವಾಲಬೇಕು, ಬಣ್ಣ ಬರಬೇಕು, ಉದುರಿದ ಮೇಲೆ ಮತ್ತೆ ಹುಟ್ಟಬೇಕು, ಎಣ್ಣೆ ಗ್ರಂಥಿ ಕೂಡಬೇಕು, ಮತ್ತು ಪ್ಲೂರಿಪೋಟೆಂಟ್ ಕೋಶ ಒಂದೂ ಉಳಿಯದೆ ಎಲ್ಲ ಬಲಿತಿರಬೇಕು. ಉಳಿದರೆ ಗಡ್ಡೆ ಆಗುತ್ತದೆ.

ಗಾಂವಕರ್_ಅಂಕೋಲಾ

ಮೈಕ್ರೋಗ್ರಾಫ್ಟ್ ಬಗ್ಗೆ ಯಾರೂ ಬರೆದಿಲ್ಲ. ‘ಒಂದೇ ಸಲ ಸಾಕು’ ಅಂತ ಹೆಚ್ಚು ಮಾರುತ್ತಿರುವುದು ಅದೇ.

ಡಾ_ಶಾನಭಾಗ_ಕುಮಟಾ

ಕಿವಿಯ ಹಿಂದಿನ ಭಾಗದಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು 2.5 ಮಿ.ಮೀ. ಪಂಚ್‌ನಿಂದ ಸಾಮಾನ್ಯವಾಗಿ ಮೂರು ಚೂರು ತೆಗೆಯುತ್ತಾರೆ. ಸಣ್ಣ ಅಲಗುಗಳಿರುವ, ಒಮ್ಮೆ ಬಳಸಿ ಎಸೆಯುವ ಡಬ್ಬಿಯಲ್ಲಿ ಸಲೈನ್ ಹಾಕಿ ತಿರುಗಿಸಿ, ಜಾಲರಿಯಲ್ಲಿ ಸೋಸಿದ ದ್ರವವನ್ನು ತೆಳುವಾದ ಜಾಗಕ್ಕೆ ಚುಚ್ಚುವುದು. ಎಂಜೈಮ್ ಇಲ್ಲ, ಲ್ಯಾಬಿನಲ್ಲಿ ಬೆಳೆಸುವುದೂ ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಲೆಕ್ಕ ಹಾಕಿ ನೋಡಿ. 2.5 ಮಿ.ಮೀ. ಪಂಚಿನ ವಿಸ್ತೀರ್ಣ ಸುಮಾರು 5 ಚದರ ಮಿ.ಮೀ., ಅಷ್ಟರಲ್ಲಿ ಏಳರಿಂದ ಹತ್ತು ಕೂದಲು. ಮೂರು ಚೂರು ಸೇರಿ 20ರಿಂದ 30 ಬುಡ. ಪುಡಿ ಮಾಡುವಾಗ ಒಂದು ಪಾಲು ಸಾಯುತ್ತದೆ, ಉಳಿದದ್ದರಲ್ಲಿ ಮೇಲ್ಚರ್ಮದ್ದು, ನಾರಿನದ್ದೇ ಹೆಚ್ಚು. ಭಟ್ರು ಹೇಳಿದ ಪ್ಯಾಪಿಲ್ಲಾ ಕೋಶ ಅದರಲ್ಲಿ ಬಹಳ ಸಣ್ಣ ಅಂಶ, ಅದೂ ಉಂಡೆ ಒಡೆದು ಬಿಡಿಬಿಡಿಯಾಗಿ. ಹೊಸ ಬುಡ ಹುಟ್ಟಿಸುವ ಶಕ್ತಿ ಇದಕ್ಕಿದೆ ಅಂತ ನಾನು ಒಪ್ಪುವುದಿಲ್ಲ. ಕುಗ್ಗಿದ ಕೂದಲು ಸ್ವಲ್ಪ ದಪ್ಪವಾಗಬಹುದು. ತೆಗೆದ ಮೂರು ಜಾಗದಲ್ಲಿ ಚುಕ್ಕೆ ಕಲೆ ಉಳಿಯುತ್ತದೆ. ತಲೆ ಸಣ್ಣಗೆ ಕತ್ತರಿಸುವವರು ಇದನ್ನು ಮೊದಲೇ ತಿಳಿದಿರಲಿ.

ನಾಯ್ಕ_ಕೋಡಿಬಾಗ

ಇದಕ್ಕೆ ಹತ್ತಿರದ ಇನ್ನೊಂದನ್ನು ಜನ ಇದರ ಜೊತೆ ಕಲಸುತ್ತಾರೆ. ತೊನ್ನಿಗೆ ಕೂದಲ ಬುಡದ ಕೋಶ ದ್ರಾವಣ ಮಾಡುತ್ತಾರಲ್ಲ, ಅದು ನಮ್ಮ ದೇಶದಲ್ಲಿ ಚೆನ್ನಾಗಿ ಬೆಳೆದ ವಿಧಾನ. 15ರಿಂದ 25 ಬುಡ ಕಿತ್ತು, ಟ್ರಿಪ್ಸಿನ್-ಇಡಿಟಿಎ ದ್ರವದಲ್ಲಿ 37 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟು, ಹೊರಪೊರೆಯ ಕೋಶ ಬಿಡಿಸಿ, ತೊನ್ನಿನ ಜಾಗದ ಮೇಲ್ಪದರ ಉಜ್ಜಿ ಅಲ್ಲಿ ಹಚ್ಚುತ್ತಾರೆ. ಅಲ್ಲಿ ಬೇಕಾದದ್ದು ಬಣ್ಣದ ಕೋಶ. ‘ತೊನ್ನಿಗೆ ಆಗುತ್ತದೆ, ಕೂದಲಿಗೂ ಆಗುತ್ತದೆ’ ಅನ್ನುವ ಮಾತು ತಪ್ಪು, ಬೇಕಾದ ಕೋಶವೇ ಬೇರೆ.

ಪೈ_ಕಾರವಾರ

ಕಾನೂನಿನ ಕಡೆಯದ್ದು ನಾನು ಸೇರಿಸುತ್ತೇನೆ.

ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, 2019ರ ಪ್ರಕಾರ ಕಾಂಡಕೋಶದಿಂದ ತಯಾರಾದ ಉತ್ಪನ್ನ ‘ಹೊಸ ಔಷಧ’. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಇಲ್ಲದೆ ಮಾರುವಂತಿಲ್ಲ. ಕೋಶಕ್ಕೆ ಎಂಜೈಮ್ ಹಾಕಿ ಬಿಡಿಸುವುದು, ಲ್ಯಾಬಿನಲ್ಲಿ ಬೆಳೆಸುವುದು ಕನಿಷ್ಠ ಮಟ್ಟವನ್ನು ಮೀರಿದ ಸಂಸ್ಕರಣೆ. ಕೊಬ್ಬಿಗೆ ಕೊಲಾಜಿನೇಸ್ ಎಂಜೈಮ್ ಹಾಕಿ ತೆಗೆದ ಎಸ್‌ವಿಎಫ್ ಇಲ್ಲೇ ಬರುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಇನ್ನೂ ನೇರ: ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಜನಕ ಕಾಂಡಕೋಶ ಕಸಿ ಬಿಟ್ಟು ಉಳಿದೆಲ್ಲ ಕಾಂಡಕೋಶ ಬಳಕೆ ಟ್ರಯಲ್ ಆಗಿಯೇ ನಡೆಯಬೇಕು.

ಟ್ರಯಲ್ ಅಂದವರ ಹತ್ತಿರ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ವರ್ಷ, ತಿಂಗಳು, ಆರಂಕಿ ಸಂಖ್ಯೆ ಇರುತ್ತದೆ. ಐಸಿಎಂಆರ್‌ನ ಆ ನೋಂದಣಿ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಸಿಕ್ಕ ಪುಟದಲ್ಲಿ ಮೂರು ವಿಷಯ ನೋಡಿ: ಕಾಯಿಲೆ ಕೂದಲಿನದ್ದೇ ಅಥವಾ ಮಂಡಿನೋವಿನದ್ದೇ, ನೀವು ಹೋಗುವ ಊರಿನ ಆಸ್ಪತ್ರೆ ಟ್ರಯಲ್ ಜಾಗಗಳ ಪಟ್ಟಿಯಲ್ಲಿ ಇದೆಯೇ, ಎಥಿಕ್ಸ್ ಸಮಿತಿಯ ಒಪ್ಪಿಗೆ ದಾಖಲಾಗಿದೆಯೇ. ಮತ್ತು ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳಿದರೆ ಅಲ್ಲಿಗೆ ಎದ್ದು ಬನ್ನಿ.

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ಪ್ರತಿ ಕ್ಲಿನಿಕ್ಕೂ ನೋಂದಣಿ ಪತ್ರ ಮತ್ತು ದರಪಟ್ಟಿ ಕಾಣುವ ಹಾಗೆ ಹಾಕಬೇಕು. ಹೋಟೆಲ್ ಕೋಣೆಯಲ್ಲೋ ಬ್ಯೂಟಿ ಪಾರ್ಲರಿನಲ್ಲೋ ಒಂದು ದಿನದ ‘ಶಿಬಿರ’ ನಡೆಸುವವರ ಹತ್ತಿರ ಆ ಜಾಗಕ್ಕೆ ಈ ಪತ್ರ ಇದೆಯೇ ಕೇಳಿ. ದೂರು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ, ಕಾರವಾರದಲ್ಲಿ. ಹಣದ ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ. ರಸೀದಿಯಲ್ಲಿ ‘ಸ್ಕಿನ್ ಪ್ಯಾಕೇಜ್’ ಅಂತ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ. ಏನು ಚುಚ್ಚಿದ್ದು, ಕಿಟ್ಟಿನ ಹೆಸರು, ಬ್ಯಾಚ್ ಸಂಖ್ಯೆ ಬರೆಸಿ.

ಭಟ್_ಹೊನ್ನಾವರ

ಪೈಯವರು ಬರೆದ ಬ್ಯಾಚ್ ಸಂಖ್ಯೆಗೆ ಒಂದು ಸೇರ್ಪಡೆ. ಲ್ಯಾಬಿನಲ್ಲಿ ಬೆಳೆಸಿದ ಕೋಶ ಅಂತ ಯಾರಾದರೂ ಹೇಳಿದರೆ ಆ ಬ್ಯಾಚಿನ ವಿಶ್ಲೇಷಣಾ ಪತ್ರ ಇರಲೇಬೇಕು: ಕೋಶದ ಸಂಖ್ಯೆ, ಅದರಲ್ಲಿ ಜೀವಂತ ಎಷ್ಟು ಪಾಲು, ಬ್ಯಾಕ್ಟೀರಿಯಾ ಇಲ್ಲ, ಮೈಕೋಪ್ಲಾಸ್ಮಾ (ಗೋಡೆಯಿಲ್ಲದ ಸೂಕ್ಷ್ಮಾಣು) ಇಲ್ಲ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಮಿತಿಯೊಳಗೆ, ಎಷ್ಟನೇ ಪೀಳಿಗೆ. ಬ್ಯಾಕ್ಟೀರಿಯಾ ಪರೀಕ್ಷೆಯ ಪೂರ್ತಿ ವಿಧಾನಕ್ಕೇ 14 ದಿನ ಬೇಕು. ಬೆಳೆಸುವುದಕ್ಕೆ ವಾರಗಟ್ಟಲೆ. ಬೆಳಿಗ್ಗೆ ಚರ್ಮ ತೆಗೆದು ಮಧ್ಯಾಹ್ನ ‘ಬೆಳೆಸಿದ ಸ್ಟೆಮ್ ಸೆಲ್’ ಚುಚ್ಚುವುದು ಆಗದ ಮಾತು.

ಗಾಂವಕರ್_ಅಂಕೋಲಾ

ಎಕ್ಸೋಸೋಮ್ ಬಾಟಲಿ?

ಡಾ_ಶಾನಭಾಗ_ಕುಮಟಾ

ಹುಡಿಯ ರೂಪದಲ್ಲಿ ಬರುತ್ತದೆ, ದ್ರವ ಬೆರೆಸಿ ಬಳಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲೇ ಎಕ್ಸೋಸೋಮ್ ಉತ್ಪನ್ನಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು. ಹಲವು ಬಾಟಲಿಗಳ ಮೇಲೆ ‘ಮೇಲೆ ಹಚ್ಚಲು ಮಾತ್ರ’ ಅಂತ ಇರುತ್ತದೆ. ಅದನ್ನು ಸಿರಿಂಜಿಗೆ ತುಂಬಿದರೆ ಬೇಡ ಅನ್ನಿ. ಡಬ್ಬಿ ನಿಮ್ಮೆದುರು ಒಡೆಯಲಿ, ಲೇಬಲ್ ಓದಿ.

ಸೂಜಿಯ ವಿಷಯದಲ್ಲೂ ಅಷ್ಟೇ ಗಟ್ಟಿ ಇರಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ ಮುಖಕ್ಕೆ ಪಿಆರ್‌ಪಿ ಮಾಡಿಸಿಕೊಂಡವರಿಗೆ ಎಚ್‌ಐವಿ ಬಂದದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ಪ್ರಕಟಿಸಿದೆ. ರಕ್ತದ ಟ್ಯೂಬಿನ ಮೇಲೆ ಹೆಸರು ಬರೆಯುವುದು ನಿಮ್ಮ ಕಣ್ಣೆದುರೇ ಆಗಬೇಕು. ಒಂದೇ ದಿನ ಹತ್ತು ಜನರ ಟ್ಯೂಬು ಒಂದೇ ಮಶಿನ್ನಿನಲ್ಲಿ ತಿರುಗುವ ಶಿಬಿರದಲ್ಲಿ ಅದಲುಬದಲಾದರೆ ಪರಿಣಾಮ ಏನು ಅಂತ ಹೇಳಬೇಕಾಗಿಲ್ಲ.

ಹೆಗಡೆ_ನೀಲೇಕಣಿ

ಫಲ ಬಂತೋ ಇಲ್ಲವೋ ಅಳೆಯುವುದು ಹೇಗೆ? ಕ್ಲಿನಿಕ್ಕಿನ ಫೋಟೋದಲ್ಲಿ ಎಲ್ಲರ ತಲೆಯೂ ದಟ್ಟವಾಗಿಯೇ ಕಾಣ್ತದೆ.

ಡಾ_ಶಾನಭಾಗ_ಕುಮಟಾ

ಒದ್ದೆ ಕೂದಲು ತೆಳುವಾಗಿ ಕಾಣುತ್ತದೆ, ಒಣಗಿ ಬಾಚಿದ್ದು ದಟ್ಟವಾಗಿ. ಮೇಲಿನಿಂದ ಬಿದ್ದ ಬೆಳಕು ಬೋಳನ್ನು ತೋರಿಸುತ್ತದೆ, ಎದುರಿನ ಬೆಳಕು ಮುಚ್ಚುತ್ತದೆ. ಹಾಗಾಗಿ ಎರಡು ಫೋಟೋಗೂ ಅದೇ ಕೋಣೆ, ಅದೇ ದೀಪ, ಅದೇ ಬೈತಲೆ, ಅಷ್ಟೇ ಉದ್ದದ ಒಣ ಕೂದಲು. ಗಟ್ಟಿ ಅಳತೆ ಬೇಕಿದ್ದರೆ ಟ್ರೈಕೋಸ್ಕೋಪಿ (ತಲೆಯ ಚರ್ಮವನ್ನು ದೊಡ್ಡದು ಮಾಡಿ ನೋಡುವುದು): ಒಂದು ಚದರ ಸೆಂಟಿಮೀಟರ್ ಗುರುತು ಮಾಡಿ, ಅಲ್ಲಿನ ಕೂದಲ ಸಂಖ್ಯೆ ಮತ್ತು ದಪ್ಪ ಚಿಕಿತ್ಸೆಗೆ ಮೊದಲು, ಆರು ತಿಂಗಳಿಗೆ ಅಳೆಯುವುದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಆರು ವಾರದ ‘ಫಲಿತಾಂಶ’ ಅರ್ಥವಿಲ್ಲದ್ದು. ಇಂಜೆಕ್ಷನ್ ಶುರುವಾದ ದಿನವೇ ಮಿನಾಕ್ಸಿಡಿಲ್ಲೂ ಶುರುಮಾಡಿದರೆ ಯಾವುದರ ಫಲ ಅಂತ ಯಾರಿಗೂ ತಿಳಿಯುವುದಿಲ್ಲ. ಮಿನಾಕ್ಸಿಡಿಲ್ ಆರು ತಿಂಗಳು ಹಚ್ಚಿ, ನಿಂತ ಮಟ್ಟ ಅಳೆದು, ಆಮೇಲೆ ಬೇರೆಯದು ಸೇರಿಸುವುದು ಒಳ್ಳೆಯದು.

ನಮ್ಮ ಕರಾವಳಿಯ ಸೆಖೆಯಲ್ಲಿ ಇನ್ನೊಂದನ್ನೂ ನೋಡಬೇಕು. ಬೆವರು, ಎಣ್ಣೆ ಸೇರಿ ತಲೆಹೊಟ್ಟು ಜೋರಾಗಿದ್ದರೆ ಮೊದಲು ಅದು ಇಳಿಯಲಿ. 2% ಕೀಟೋಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, 3ರಿಂದ 5 ನಿಮಿಷ ಬಿಟ್ಟು ತೊಳೆಯುವುದು. ಉರಿಯೂತ ಇರುವ ತಲೆಗೆ ಏನು ಚುಚ್ಚಿದರೂ ನೋವು ಹೆಚ್ಚು, ಫಲ ಕಡಿಮೆ.

ಪೈ_ಕಾರವಾರ

ಭಟ್ರೆ, ‘ಈಗಲೇ ಕೂದಲ ಬುಡ ಫ್ರೀಜ್ ಮಾಡಿಡಿ, ಮುಂದೆ ಚಿಕಿತ್ಸೆ ಬಂದಾಗ ಆಗುತ್ತದೆ’ ಅನ್ನುವ ಸೇವೆ ವಿದೇಶದಲ್ಲಿದೆ. ಇಲ್ಲಿಯೂ ಕೇಳುವವರಿದ್ದಾರೆ.

ಭಟ್_ಹೊನ್ನಾವರ

ತಾಂತ್ರಿಕವಾಗಿ ಆಗುತ್ತದೆ. ರಕ್ಷಕ ದ್ರವಕ್ಕೆ ಸಾಮಾನ್ಯವಾಗಿ 10% ಡಿಎಂಎಸ್‌ಒ ಬೆರೆಸಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದಲ್ಲಿ ಇಡುವುದು. ಬೇಗ ತಣಿಸಿದರೆ ಕೋಶದೊಳಗೆ ಮಂಜುಗಡ್ಡೆಯ ಹರಳು ಕಟ್ಟಿ ಪೊರೆ ಹರಿಯುತ್ತದೆ, ತೀರಾ ನಿಧಾನವಾದರೆ ನೀರು ಕಳೆದುಕೊಂಡು ಒಣಗುತ್ತದೆ. ಕರಗಿಸುವುದು ಮಾತ್ರ 37 ಡಿಗ್ರಿಯಲ್ಲಿ ಬೇಗ. ಆದರೆ ಹಿಂತಲೆಯ ಬುಡ ಡಿಎಚ್‌ಟಿಗೆ ಅಷ್ಟಾಗಿ ಬಗ್ಗದಿರುವುದರಿಂದ ಹೆಚ್ಚಿನವರಲ್ಲಿ ಅದು ವಯಸ್ಸಾದರೂ ಅಲ್ಲೇ ಉಳಿದಿರುತ್ತದೆ. ಒಪ್ಪಿಗೆ ಪಡೆದ ಚಿಕಿತ್ಸೆ ಇಲ್ಲದಿರುವಾಗ ವರ್ಷ ವರ್ಷ ಬಾಡಿಗೆ ಕಟ್ಟಿ ಅಂತ ನಾನು ಹೇಳಲಾರೆ. ಆ ದುಡ್ಡಿನಲ್ಲಿ ಮಿನಾಕ್ಸಿಡಿಲ್ ಬಿಡದೆ ಹಚ್ಚಿದರೆ ಇರುವ ಬುಡ ಉಳಿಯುತ್ತದೆ.

ಗಾಂವಕರ್_ಅಂಕೋಲಾ

ಕೊನೆಗೊಂದು. ಲೆಕ್ಕ ಎಲ್ಲ ನೋಡಿ ಪಿಆರ್‌ಪಿಗೆ ಹೋಗುವವರು ಹಿಂದಿನ ದಿನ, ಮರುದಿನ ಮಾಡಬೇಕಾದ್ದು ಏನು? ಕೌಂಟರಿನಲ್ಲಿ ಇದನ್ನೇ ಹೆಚ್ಚು ಕೇಳ್ತಾರೆ.

ನಾಯ್ಕ_ಕೋಡಿಬಾಗ

ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಅವು ಪ್ಲೇಟ್‌ಲೆಟ್ಟಿನ ಕೆಲಸ ತಡೆಯುತ್ತವೆ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿಯೇ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು ಬನ್ನಿ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಸ್ಪಿರಿಟ್ ಚರ್ಮಕ್ಕೆ ಮುಟ್ಟುವುದಿಲ್ಲ. ಬೆಳಿಗ್ಗೆ ತಿಂಡಿ ತಿಂದು, ಸಾಕಷ್ಟು ನೀರು ಕುಡಿದು ಬನ್ನಿ, ರಕ್ತ ಸಲೀಸಾಗಿ ಬರುತ್ತದೆ. ಬೊಂಡ (ಎಳನೀರು) ಕುಡಿದರೂ ಆದೀತು.

ಡಾ_ಶಾನಭಾಗ_ಕುಮಟಾ

ಚುಚ್ಚಿದ ಮೇಲೆ ಒಂದು ದಿನ ತಲೆಗೆ ನೀರು ಬೇಡ. ಸಮುದ್ರ ಸ್ನಾನ, ಈಜು ಎರಡು ಮೂರು ದಿನ ಬಿಟ್ಟು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮಿನಾಕ್ಸಿಡಿಲ್ ಮರುದಿನದಿಂದ. ಹಣೆ, ಕಣ್ಣಿನ ಸುತ್ತ ಸ್ವಲ್ಪ ಊತ ಬಂದು ಎರಡು ದಿನದಲ್ಲಿ ಇಳಿದರೆ ಹೆದರಬೇಕಾಗಿಲ್ಲ. ಕೀವು, ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು ಕಂಡರೆ ಕ್ಲಿನಿಕ್ಕಿನ ಮುಂದಿನ ತಾರೀಖಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಅದೇ ದಿನ ಹೋಗಿ, ಪೈಯವರು ಹೇಳಿದ ಆ ರಸೀದಿಯನ್ನೂ ತೆಗೆದುಕೊಂಡು.